ಸದ್ದಿಲ್ಲದ ಲೋಟ

ಬೆಟ್ಟ ಹತ್ತುವವರನ್ನು ಸೋಲಿಸುವುದು ಬೆಟ್ಟವಲ್ಲ ಎಂಬುದು ಜಿಪ್ಪಕ್ಕನ ಸಿದ್ಧಾಂತ. ಅವಳ ಅಂಗಡಿಯ ಮುಂದೆ ನಿಂತು ಅದನ್ನು ಅಲ್ಲಗಳೆಯುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. "ಬೆಟ್ಟ ಏನು ಮಾಡುತ್ತೆ ಪಾಪ, ತನ್ನ ಪಾಡಿಗೆ ತಾನು ಕೂತಿರುತ್ತೆ. ನಿಮ್ಮ ಭುಜದ ಪಟ್ಟಿ ನೂರು ಹೆಜ್ಜೆಗೊಂದು ಸಲ ಜಾರುತ್ತಲ್ಲ, ಅದು ಸೋಲಿಸೋದು ನಿಮ್ಮನ್ನ. ಶೂ ಒಳಗೆ ಕಡಲೆಕಾಳಷ್ಟು ಕಲ್ಲು ಸೇರ್ಕೊಳ್ಳುತ್ತಲ್ಲ, ಅದು!" ಎಂದು ಶುರು ಮಾಡಿದಳೆಂದರೆ ಗಿರಾಕಿ ಬಂದ ಕೆಲಸ ಮರೆತು ತಲೆಯಾಡಿಸುತ್ತ ನಿಲ್ಲಬೇಕು. ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಹೇಳಿದ್ದಾರೆ. ಹತ್ತಿರ ಹೋದಮೇಲೆ ಒರಟಾಗಿರುವುದು ಬೆಟ್ಟವಲ್ಲ, ಬೆನ್ನ ಮೇಲಿನ ಚೀಲ ಎಂದು ಆ ಗಾದೆಗೂ ಅವಳು ತನ್ನದೊಂದು ತೇಪೆ ಹಾಕಿದ್ದಳು. ತೇಪೆ ಹಾಕುವುದೇ ಅವಳ ಕಸುಬು.

ಬೀದಿಯ ಟಾರು ಮುಗಿದು ಬೆಟ್ಟದ ಕಾಲುದಾರಿ ಶುರುವಾಗುವ ಜಾಗದಲ್ಲಿ ಅವಳ ಮನೆ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಸೂರಿನ ಕೊಕ್ಕೆಗಳಿಗೆ ನೇತುಬಿದ್ದ ಚೀಲಗಳು, ಗೂಡುಗಳಲ್ಲಿ ಬಕಲುಗಳು, ಜಿಪ್ಪಿನ ತಲೆಗಳು, ಮೇಣ ಹಚ್ಚಿದ ನೂಲಿನ ಉಂಡೆಗಳು. ಎಂಥ ಜಿಪ್ಪು ಕಚ್ಚಿಕೊಂಡರೂ ಎರಡು ನಿಮಿಷದಲ್ಲಿ ಬಿಡಿಸುತ್ತಿದ್ದುದರಿಂದ ಊರು ಅವಳಿಗೆ ಇಟ್ಟ ಹೆಸರು ಜಿಪ್ಪಕ್ಕ. ತಾಯಿ ಇಟ್ಟ ಹೆಸರು ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು.

ಅಂಗಡಿಗೆ ಒಂದು ನಿಯಮವಿತ್ತು. ರಿಪೇರಿಗೆ ಕೊಡುವ ಪ್ರತಿ ಸಾಮಾನಿಗೂ ಒಂದು ಚೀಟಿ ಕಟ್ಟಬೇಕು. ಅದರಲ್ಲಿ ಏನು ಹಾಳಾಗಿದೆ ಎಂದು ಬರೆಯಬಾರದು, ಏನು ಕಿರಿಕಿರಿ ಎಂದು ಬರೆಯಬೇಕು. ಹಾಳಾಗಿದ್ದು ಕಣ್ಣಿಗೆ ಕಾಣುತ್ತೆ, ಕಿರಿಕಿರಿ ಅನುಭವಿಸಿದವರೇ ಹೇಳಬೇಕು ಎಂಬುದು ಅವಳ ವಾದ. ಚೀಟಿಗಳನ್ನು ಓದಿದರೆ ಲೋಕದ ಸಂಕಟವೆಲ್ಲ ಅಂಗೈಯಗಲದಲ್ಲಿ ಸಿಗುತ್ತಿತ್ತು. "ನೀರಿನ ಬಾಟಲಿ ಕೈಗೆ ಎಟುಕಲ್ಲ, ಗೆಳೆಯನನ್ನ ಕೇಳಬೇಕು, ಅವನು ಪ್ರತಿಸಲ ನಿಟ್ಟುಸಿರು ಬಿಡ್ತಾನೆ." "ತಲೆದೀಪ ಚೀಲದೊಳಗೆ ತಾನೇ ಹೊತ್ತಿಕೊಳ್ಳುತ್ತೆ, ಬೇಕಾದಾಗ ಸತ್ತಿರುತ್ತೆ." "ಸೊಂಟದ ಪಟ್ಟಿಯ ಬಾಲ ಗಾಳಿಗೆ ಕೆನ್ನೆಗೆ ಬಡಿಯುತ್ತೆ, ನಮ್ಮತ್ತೆ ನೆನಪಾಗ್ತಾರೆ." ಜಿಪ್ಪಕ್ಕ ಓದುತ್ತ ಓದುತ್ತ ಒಬ್ಬಳೇ ನಗುತ್ತಿದ್ದಳು. ಆಮೇಲೆ ಸೂಜಿ ಹಿಡಿಯುತ್ತಿದ್ದಳು.

ಇನ್ನು ಲೋಟದ ವಿಷಯ. ಬೆಟ್ಟಕ್ಕೆ ಹೋಗುವವರು ಡೇರೆಯ ಬಗ್ಗೆ ರಾಜಿಯಾಗುತ್ತಾರೆ, ಊಟದ ಬಗ್ಗೆಯೂ ಆಗುತ್ತಾರೆ. ಲೋಟದ ಬಗ್ಗೆ ಮಾತ್ರ ಅಣ್ಣತಮ್ಮಂದಿರೂ ಕೈಕೈ ಮಿಲಾಯಿಸುತ್ತಾರೆ. ಸ್ಟೀಲಿನದು ತುಟಿ ಸುಡುತ್ತದೆ. ತುಟಿ ಇಡುವಷ್ಟು ಆರುವ ಹೊತ್ತಿಗೆ ಟೀ ತಣ್ಣೀರು. ಪ್ಲಾಸ್ಟಿಕ್ಕಿನದು ನಿನ್ನೆಯ ಸೂಪನ್ನು ಮರೆಯುವುದೇ ಇಲ್ಲ. ಮರದ್ದು ನೋಡಲು ಚಂದ, ಮೂರನೇ ಸಲಕ್ಕೆ ಬಿರುಕು. ಎರಡು ಪದರದ್ದು ಬಿಸಿ ಹಿಡಿದಿಡುತ್ತದೆ ನಿಜ, ಆದರೆ ಅದರ ಮುಚ್ಚಳ ಇರುವುದೇ ಕಳೆದುಹೋಗುವುದಕ್ಕೆ. ಮಡಚುವ ರಬ್ಬರು ಲೋಟದ ಮಹಾಭಕ್ತರೊಬ್ಬರು ಇದ್ದರು, ಶಾಲೆಯ ಮೇಷ್ಟ್ರು. "ನೋಡಿ ಜಿಪ್ಪಕ್ಕ, ಮಡಚಿದ್ರೆ ಜೇಬಿನಲ್ಲಿ ರೊಟ್ಟಿ ಹಾಗೆ ಕೂರುತ್ತೆ," ಎಂದು ಬೀದಿಗೆಲ್ಲ ತೋರಿಸಿಕೊಂಡು ಹೋದವರು ಮರುದಿನ ಕುಂಟುತ್ತ ಬಂದರು. ಕುದಿಯುವ ಟೀ ಹುಯ್ದ ಕೂಡಲೇ ಲೋಟ ತನ್ನ ಮಡಚುವ ಧರ್ಮವನ್ನು ತೊಡೆಯ ಮೇಲೆ ಪಾಲಿಸಿತ್ತು. ಅವರ ಚೀಟಿಯಲ್ಲಿ ಒಂದೇ ಪದವಿತ್ತು, "ನಂಬಿಕೆದ್ರೋಹ."

ಇಷ್ಟು ಲೋಟ ಕಂಡ ಜಿಪ್ಪಕ್ಕನ ಸ್ವಂತ ಲೋಟ ಯಾವುದಪ್ಪಾ ಅಂದರೆ, ಅಂಚಿನಲ್ಲಿ ಎರಡು ಕಡೆ ಚಕ್ಕೆ ಎದ್ದುಹೋದ ಒಂದು ನೀಲಿ ಎನಾಮಲ್ ಲೋಟ. ಅದರ ಕಿವಿಯನ್ನು ಚೀಲದ ಎಡಪಟ್ಟಿಯ ಕಬ್ಬಿಣದ ಬಳೆಗೆ ನೇತುಹಾಕಿಕೊಂಡು ಹೊರಡುತ್ತಿದ್ದಳು. ಎಡಗಾಲು ಇಟ್ಟರೆ ಟಿಣ್, ಬಲಗಾಲು ಇಟ್ಟರೆ ಟಕ್. ಟಿಣ್, ಟಕ್, ಟಿಣ್, ಟಕ್. ಬುಡದಿಂದ ತುದಿಯವರೆಗೆ, ತುದಿಯಿಂದ ಬುಡದವರೆಗೆ, ಮದುವೆಯಾದ ಇಪ್ಪತ್ತೆರಡು ವರ್ಷವೂ ಭಾನುವಾರಕ್ಕೊಮ್ಮೆ.

ಅವಳ ಗಂಡನಿಗೆ ಊರು ಇಟ್ಟ ಹೆಸರು ಪಟ್ಟೆಯಣ್ಣ. ಬೆಟ್ಟದ ದಾರಿಯುದ್ದಕ್ಕೂ ಬಂಡೆಗಳ ಮೇಲೆ, ಮರದ ಬುಡಗಳ ಮೇಲೆ ಎರಡೆರಡು ಬಿಳಿಪಟ್ಟೆ ಬಳಿದು ದಾರಿ ತಪ್ಪದಂತೆ ನೋಡಿಕೊಳ್ಳುವುದು ಅರಣ್ಯ ಆಫೀಸಿನಲ್ಲಿ ಅವನ ಕೆಲಸ. ಮಳೆ ನಿಂತಮೇಲೆ ಬಣ್ಣದ ಡಬ್ಬಿ ಹಿಡಿದು ಹೋದರೆ ಬೇಸಿಗೆಯ ಹೊತ್ತಿಗೆ ಇಡೀ ಬೆಟ್ಟಕ್ಕೆ ಹೊಸ ಪಟ್ಟೆ. ಅವನು ಸದ್ದಿಗೆ ಆಗದ ಮನುಷ್ಯ. ಭಾನುವಾರ ಮುಂದೆ ಮುಂದೆ ನಡೆಯುತ್ತ, ಹತ್ತು ಹೆಜ್ಜೆಗೊಮ್ಮೆ ತಿರುಗಿ ಹೆಂಡತಿಯ ಲೋಟವನ್ನು ಬೈಯುವುದು ಅವನ ಪದ್ಧತಿ. "ಅಲ್ಲ ಕಣೇ, ಊರಿನವರ ಕಿರಿಕಿರಿ ಎಲ್ಲಾ ಸರಿಮಾಡ್ತೀಯ, ಈ ಶನಿ ಬಾಯಿ ಮುಚ್ಚಿಸೋಕಾಗಲ್ವಾ?" "ನಿನ್ನ ಲೋಟ ಕೇಳಿ ಇಲ್ಲಿನ ಹಕ್ಕಿಗಳೆಲ್ಲ ಸಂಸಾರ ಕಟ್ಕೊಂಡು ಬೇರೆ ಬೆಟ್ಟಕ್ಕೆ ಹೋದ್ವು." "ಕಳ್ಳಬೆಕ್ಕಿಗೆ ಗಂಟೆ ಕಟ್ಟೋರು ಸಿಗಲಿಲ್ಲ ಅಂತಾರೆ, ನನಗೆ ನೋಡು, ಕಟ್ಟಿಸ್ಕೊಂಡೇ ಬಂದ ಹೆಂಡ್ತಿ ಸಿಕ್ಕಿದ್ಲು!" ಜಿಪ್ಪಕ್ಕ ಬೇಕೆಂದೇ ಅದನ್ನು ಸರಿಮಾಡಿರಲಿಲ್ಲ. ಸರಿಮಾಡಿದರೆ ಇವನು ಯಾವ ನೆಪಕ್ಕೆ ಹಿಂತಿರುಗಿ ನೋಡಿಯಾನು? ಬಾಯ್ತುಂಬ ಹೊಗಳುವ ಗಂಡಂದಿರು ಬೇರೆಯವರ ಮನೆಯಲ್ಲಿರುತ್ತಾರೆ. ಅವಳ ಪಾಲಿಗೆ ಬಂದವನು ಪ್ರೀತಿಯನ್ನೂ ಗೊಣಗಿಯೇ ಹೇಳುವವನು, ಅದು ಅವಳಿಗೆ ಮದುವೆಯಾದ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು.

ಅಂಥವನು ಎರಡು ವರ್ಷದಿಂದ ಗೊಣಗುವುದನ್ನು ನಿಲ್ಲಿಸಿದ್ದ.

ಒಂದೇ ದಿನ ನಿಲ್ಲಿಸಿದ್ದರೆ ಕೇಳಿಬಿಡಬಹುದಿತ್ತು. ಆದರೆ ಅದು ನಲ್ಲಿಯ ನೀರು ಸಣ್ಣಗಾದಂತೆ ಸಣ್ಣಗಾಗುತ್ತ ಹೋಯಿತು. ಮೊದಲು ಹತ್ತು ಹೆಜ್ಜೆಗೊಮ್ಮೆ ಇದ್ದದ್ದು ತಿರುವಿಗೊಮ್ಮೆ ಆಯಿತು, ಆಮೇಲೆ ಬೆಟ್ಟಕ್ಕೊಮ್ಮೆ, ಆಮೇಲೆ ಇಲ್ಲವೇ ಇಲ್ಲ. ಒಂದು ಭಾನುವಾರ, "ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ," ಎಂದ. ಅಲ್ಲಿಂದ ಅವಳೇ ಮುಂದೆ. ಹಿಂದಿನಿಂದ ಬೂಟಿನ ಸದ್ದು ಬಿಟ್ಟರೆ ತುಟಿಪಿಟಕ್ ಇಲ್ಲ. ಮನೆಯಲ್ಲೂ ಅಷ್ಟೆ. ಊಟಕ್ಕೆ ಎದುರಿಗೆ ಕೂತರೆ ಅವಳ ಮುಖ ಬಿಟ್ಟು ಪಕ್ಕದ ಗೋಡೆ ನೋಡುತ್ತ ಮಾತಾಡುವನು. ಅವಳು ಆ ಗೋಡೆಯತ್ತ ತಿರುಗಿ ನೋಡಿದ್ದುಂಟು. ಸುಣ್ಣ ಬಿಟ್ಟು ಏನೂ ಇರಲಿಲ್ಲ. ಮೌನ ಬಂಗಾರ ಅಂತ ಯಾವನೋ ಹೇಳಿದನಂತೆ. ಅವನಿಗೆ ಹೆಂಡತಿ ಇರಲಿಲ್ಲವೇನೋ.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ. ಆದರೆ ಜಗಳವೇ ಇಲ್ಲದಿದ್ದರೆ ಅದು ಎಲ್ಲಿಯ ತನಕ? ಮಿಷನ್ನು ತುಳಿಯುತ್ತ ಕೂತಾಗ ಜಿಪ್ಪಕ್ಕನಿಗೆ ಇದೇ ಯೋಚನೆ. ನನ್ನ ಮೇಲೆ ಇವನಿಗೆ ಮನಸ್ಸೇ ಹೋಯಿತೇ? ನನ್ನ ಮುಖ ಅಷ್ಟು ಬೇಸರವಾಯಿತೇ? ಕನ್ನಡಿಯಲ್ಲಿ ನೋಡಿಕೊಂಡಳು. ಮುಖ ಇದ್ದ ಹಾಗೇ ಇತ್ತು, ಸ್ವಲ್ಪ ಅಗಲವಾಗಿತ್ತು ಅಷ್ಟೆ. ಬಾಯಿ ಬಿಟ್ಟು ಕೇಳಲು ಹೆದರಿಕೆ. ಕೇಳಿದರೆ ಹೌದು ಅಂದುಬಿಟ್ಟರೆ? ಎಂಥೆಂಥ ಹರಿದದ್ದನ್ನು ಹೊಲಿದವಳು, ಆ 'ಹೌದು' ಎಂಬುದನ್ನು ಯಾವ ನೂಲಿನಲ್ಲಿ ಹೊಲಿಯುವುದು?

ಹೀಗಿರುವಾಗ ಮಡಚುವ ಲೋಟದ ಮೇಷ್ಟ್ರು ಮತ್ತೆ ಬಂದರು. ಈ ಸಲ ಕೊಡೆಯ ಕಡ್ಡಿಗೆ ಚೀಟಿ. ಅದರ ಹಿಂದೆ ಇನ್ನೂ ಒಂದು ಸಾಲು ಬರೆದಿದ್ದರು. "ಮೇಲಿನ ನೀರಿನ ಬಳಿ ಬಿಳಿಪಟ್ಟೆ ವಕ್ರ. ಒಂದರ ಮೇಲೊಂದು ಹತ್ತಿ ಕೂತಿವೆ. ಒಂದು ಪಟ್ಟೆ ಬಂಡೆ ದಾಟಿ ಹುಲ್ಲಿಗೆ ಬಂದಿದೆ."

ಜಿಪ್ಪಕ್ಕನಿಗೆ ಮೈಯೆಲ್ಲ ಉರಿಯಿತು. "ನಮ್ಮನೆಯವರು ಮೂವತ್ತು ವರ್ಷದಿಂದ ಬಳೀತಿದಾರೆ ಮೇಷ್ಟ್ರೇ. ನೀವು ಬೋರ್ಡ್ ಮೇಲೆ ಗೆರೆ ನೆಟ್ಟಗೆ ಎಳೀತೀರಾ?"

"ನಾನು ಎಳೆಯಲ್ಲ, ಅದಕ್ಕೇ ಅಡಿಪಟ್ಟಿ ಇಟ್ಕೊಂಡಿದೀನಿ," ಎಂದು ಮೇಷ್ಟ್ರು ತಣ್ಣಗೆ ಹೇಳಿ ಹೋದರು.

ಗಿರಾಕಿಯನ್ನು ಬೈದು ಕಳಿಸಿದಳೇ ಹೊರತು ಮನಸ್ಸಿನಲ್ಲಿ ಹುಳ ಹೊಕ್ಕಿತು. ಪಟ್ಟೆ ಬಳಿಯುವುದೆಂದರೆ ಅವನಿಗೆ ಉಸಿರು. ಅದರಲ್ಲೂ ಮನಸ್ಸಿಲ್ಲವೆಂದರೆ? ಸಂಜೆ ಕೇಳಿದಾಗ ಅವನು ಗೋಡೆ ನೋಡುತ್ತ, "ಬಣ್ಣ ನೀರಾಗಿತ್ತು," ಎಂದ. ಅಲ್ಲಿಗೆ ಮಾತು ಮುಗಿಯಿತು.

ಆವತ್ತು ಅವಳು ತೀರ್ಮಾನಕ್ಕೆ ಬಂದಳು. ಬೇರೆ ಹೆಂಗಸರಾಗಿದ್ದರೆ ಅತ್ತು ಕರೆದು ಕೇಳುತ್ತಿದ್ದರು, ತವರಿಗೆ ಹೋಗುತ್ತಿದ್ದರು, ಹೊಸ ಸೀರೆ ಉಟ್ಟು ಎದುರು ನಿಲ್ಲುತ್ತಿದ್ದರು. ಇವಳು ರಿಪೇರಿಯವಳು. ಇಪ್ಪತ್ತು ವರ್ಷ ಒಬ್ಬ ಮನುಷ್ಯ ಒಂದೇ ಕಿರಿಕಿರಿಯ ಚೀಟಿ ಕಟ್ಟಿದ್ದಾನೆ, ನಾನು ಒಮ್ಮೆಯೂ ಕೆಲಸಕ್ಕೆ ತೆಗೆದುಕೊಂಡಿಲ್ಲ. ಯಾವ ಗಿರಾಕಿ ತಾನೇ ಕಾಯುತ್ತಾನೆ? ಸಾಕಾಗಿ ಬಾಯಿ ಮುಚ್ಚಿಕೊಂಡಿದ್ದಾನೆ! ಹೀಗೆ ಯೋಚಿಸಿದ ಮೇಲೆ ಅವಳಿಗೆ ಎಷ್ಟೋ ಹಗುರವಾಯಿತು. ಕಾರಣ ಸಿಕ್ಕಿತಲ್ಲ. ಕಾರಣ ಸಿಕ್ಕರೆ ಅರ್ಧ ರಿಪೇರಿ ಮುಗಿದಂತೆ.

ಅವನು ಕೆಲಸಕ್ಕೆ ಹೋದ ಮೂರು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ಕೂತಳು. ಹಳೆಯ ಟೋಪಿಯೊಂದರ ಉಣ್ಣೆಯ ಬಟ್ಟೆಯನ್ನು ಪಟ್ಟಿಯಾಗಿ ಕತ್ತರಿಸಿ ಲೋಟದ ಹೊಟ್ಟೆಗೆ ಸುತ್ತಿದಳು. ಸೈಕಲ್ ಟ್ಯೂಬಿನ ಚೂರನ್ನು ಕಿವಿಗೆ ತೊಡಿಸಿದಳು. ಕಬ್ಬಿಣದ ಬಳೆಗೂ ಒಂದು ಅಂಗಿ ಹೊಲಿದಳು. ಮೇಣದ ನೂಲು, ಒತ್ತೊತ್ತು ಹೊಲಿಗೆ. ಮುಗಿಸಿ ಚೀಲಕ್ಕೆ ನೇತುಹಾಕಿ ಕೋಣೆಯೊಳಗೆ ನಡೆದು ನೋಡಿದಳು. ಕುಣಿದು ನೋಡಿದಳು. ಬೆಕ್ಕು ನಡೆದ ಹಾಗೆ, ಸದ್ದೇ ಇಲ್ಲ. ಎಷ್ಟು ಹೆಜ್ಜೆಗೆ ಇವನಿಗೆ ಗೊತ್ತಾಗುತ್ತೆ ನೋಡೋಣ, ಎಂದುಕೊಂಡಳು. ಮನಸ್ಸಿದ್ದರೆ ಬೇಗ ಗೊತ್ತಾಗುತ್ತದೆ. ಮನಸ್ಸಿಲ್ಲದಿದ್ದರೆ ಬೆಟ್ಟದ ತುದಿಗೆ ಹೋಗಿ ಬಂದರೂ ಗೊತ್ತಾಗುವುದಿಲ್ಲ. ಅಲ್ಲಿಗೆ ನನ್ನ ಪ್ರಶ್ನೆಗೂ ಉತ್ತರ ಸಿಕ್ಕ ಹಾಗೆ. ಹೀಗೆ ತನ್ನ ಇಡೀ ಸಂಸಾರವನ್ನು ಒಂದು ಲೋಟದ ಕಿವಿಗೆ ನೇತುಹಾಕಿ ಅವಳು ಭಾನುವಾರಕ್ಕೆ ಕಾದಳು.

ಭಾನುವಾರ ಬೆಳಗ್ಗೆ ಬೆಟ್ಟ ಅರ್ಧ ಮಾತ್ರ ಇತ್ತು. ಉಳಿದರ್ಧವನ್ನು ಮೋಡ ಎತ್ತಿಕೊಂಡಿತ್ತು. ಅವಳು ಮುಂದೆ, ಅವನು ಹಿಂದೆ. ಟಾರು ಮುಗಿದು ಮಣ್ಣು ಸಿಕ್ಕಿತು. ಜಿಪ್ಪಕ್ಕ ಒಳಗೊಳಗೇ ಎಣಿಸತೊಡಗಿದಳು. ಒಂದು, ಎರಡು, ಮೂರು. ಎದೆ ಹೊಡೆದುಕೊಳ್ಳುವುದೇ ಲೋಟಕ್ಕಿಂತ ಜೋರಾಗಿತ್ತು. ಒಂಬತ್ತು. ಹತ್ತು.

ಹನ್ನೊಂದನೇ ಹೆಜ್ಜೆಗೆ ಹಿಂದಿನ ಬೂಟುಗಳು ನಿಂತವು.

"ಏನೇ? ಲೋಟ ತಂದಿಲ್ವಾ?"

ಹನ್ನೊಂದು! ಅವಳಿಗೆ ಕುಣಿಯುವಂತಾಯಿತು. "ತಂದಿದೀನಲ್ಲ, ಇಲ್ಲೇ ಇದೆ. ಬಾಯಿ ಕಟ್ಟಿದೀನಿ. ಇಪ್ಪತ್ತು ವರ್ಷ ಗೊಣಗಿದ್ರಲ್ಲ, ಇಗೋ, ನಿಮಗೋಸ್ಕರ! ಇನ್ಮೇಲೆ ನೆಮ್ಮದಿಯಾಗಿ ನಡೀರಿ."

ಹಿಂದಿನ ಬೂಟುಗಳು ಒಂದು ಹೆಜ್ಜೆ ಮುಂದೆ ಬಂದವು. ಆಮೇಲೆ, "ಒಳ್ಳೇದಾಯ್ತು," ಎಂದ. ದನಿ ಯಾಕೋ ಒಣಗಿದಂತಿತ್ತು. ಆದರೆ ಗೊತ್ತಾಗಿದೆಯಲ್ಲ, ಅಷ್ಟು ಸಾಕು ಎಂದು ಅವಳು ಹೆಜ್ಜೆ ಹಾಕಿದಳು.

ಆಮೇಲೆ ನಡೆದದ್ದು ನೋಡಿ. ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಮನುಷ್ಯ ಮಾತಾಡತೊಡಗಿದ. ಅದೂ ಬಿಡುವಿಲ್ಲದೆ. "ಈ ವಾರ ಎಷ್ಟು ಚೀಲ ಬಂದ್ವು?" ಹದಿನಾಲ್ಕು ಎಂದಳು. "ಮೇಷ್ಟ್ರ ತೊಡೆ ವಾಸಿ ಆಯ್ತಾ?" ಆಯಿತು ಎಂದಳು. "ಎಲ್ಲಿದೀಯ, ಸ್ವಲ್ಪ ನಿಧಾನ ನಡಿಯೇ." ನಡೆದಳು. "ಈಗ ನಿಂಗೆ ಏನು ಕಾಣ್ತಿದೆ ಹೇಳು." ಜಿಪ್ಪಕ್ಕನ ಕಿವಿಗಳು ಬೆಚ್ಚಗಾದವು. ಮದುವೆಯಾದ ಹೊಸದರಲ್ಲೂ ಇವನು ಹೀಗೆ ಕೇಳಿದವನಲ್ಲ.

ಮೋಡ ಇಳಿದು ಬಂದು ಇಬ್ಬರನ್ನೂ ಒಳಗೆ ಕರೆದುಕೊಂಡಿತು. ಅವಳು ನಡೆಯುತ್ತ ಕಂಡದ್ದೆಲ್ಲ ಹೇಳಿದಳು. ಪೊದೆಯ ಮೇಲೆ ಜೇಡರಬಲೆ ಇದೆ, ಅದರ ತುಂಬ ನೀರಿನ ಮಣಿ. ಎಡಗಡೆ ಕಾವು ಕೂತ ಕೋಳಿಯ ಹಾಗೆ ಒಂದು ಬಂಡೆ ಇದೆ. ದಾರಿ ಮಧ್ಯೆ ಒಂದು ಬೇರು, ಕಾಲೆತ್ತಿ ಇಡಿ. ಮುಂದೆ ಏನೂ ಇಲ್ಲ, ಬರೀ ಬಿಳಿ. ಹೇಳುತ್ತ ಹೇಳುತ್ತ ಅವಳಿಗೆ ತಾನು ನಡೆಯುತ್ತಿರುವುದು ನೆಲದ ಮೇಲೋ ಯಾರದೋ ನಿದ್ದೆಯೊಳಗೋ ತಿಳಿಯದಾಯಿತು. ಮರಗಳು ಒಂದೊಂದಾಗಿ ಬಂದು, ಮುಖ ತೋರಿಸಿ, ಹಿಂದಕ್ಕೆ ಹೋಗುತ್ತಿದ್ದವು. ಗಂಡನ ದನಿ ಬೆನ್ನಿಗೆ ಅಂಟಿಕೊಂಡೇ ಬರುತ್ತಿತ್ತು. ಅಯ್ಯೋ ದೇವರೇ, ಒಂದು ತುಂಡು ಉಣ್ಣೆಬಟ್ಟೆಗೆ ಇಷ್ಟು ಶಕ್ತಿಯೇ? ನಮ್ಮಿಬ್ಬರ ನಡುವೆ ಇಷ್ಟು ದಿನ ಇದ್ದದ್ದು ಈ ಹಾಳು ಲೋಟದ ಸದ್ದೇ? ಮೊದಲೇ ಗೊತ್ತಿದ್ದರೆ ಮದುವೆಯ ದಿನವೇ ಹೊಲಿದುಬಿಡುತ್ತಿದ್ದೆ, ಎಂದು ಅವಳ ಕಣ್ಣು ತುಂಬಿತು.

ಮೇಲಿನ ನೀರು ಸಿಗುವ ಜಾಗಕ್ಕೆ ಬಂದರು. ದಾರಿಯ ಬಲಕ್ಕೆ ಎತ್ತರದ ಬಂಡೆಗೋಡೆ, ಎಡಕ್ಕೆ ಇಳಿಜಾರು. ಅಲ್ಲಿಂದ ಹತ್ತು ಹೆಜ್ಜೆ ಮುಂದೆ ಬಂಡೆಯ ಸಂದಿಯಲ್ಲಿ ಬೆರಳು ಗಾತ್ರದ ನೀರು ಬೀಳುತ್ತದೆ. ಅಲ್ಲಿ ಒಂದು ಲೋಟ ತುಂಬಿ, ಮೊದಲು ಅವನು ಅರ್ಧ ಕುಡಿದು, ಉಳಿದದ್ದು ಅವಳಿಗೆ ಕೊಡುವುದು ಮೊದಲಿನಿಂದ ನಡೆದು ಬಂದದ್ದು. "ನಿಲ್ಲಿ, ನೀರು ತರ್ತೀನಿ," ಎಂದು ಅವಳು ಹೊಸ ಮದುಮಗಳಂತೆ ಓಡಿದಳು. ಲೋಟ ತುಂಬುವವರೆಗೂ ಕಾದಳು. ನೀರು ಎನಾಮಲ್ಲಿಗೆ ಬೀಳುವ ಸದ್ದು ಕೂಡ ಉಣ್ಣೆಯೊಳಗೆ ಮೆತ್ತಗಾಗಿತ್ತು. ಸದ್ದು ಮಾಡದೆ ಹೋಗಿ ಅವನ ಮೂಗಿನ ಕೆಳಗೆ ಲೋಟ ಹಿಡಿದು ಬೆಚ್ಚಿಬೀಳಿಸಬೇಕು ಎಂದುಕೊಂಡು ಬೆಕ್ಕಿನ ಹೆಜ್ಜೆ ಇಟ್ಟು ತಿರುಗಿದಳು.

ಮೋಡ ಅಲ್ಲಿ ತೆಳುವಾಗಿತ್ತು. ಪಟ್ಟೆಯಣ್ಣ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ, ಅವಳಿಗೆ ಅವನ ಅಂಗಿಯ ಗುಂಡಿಗಳೂ ಕಾಣುತ್ತಿದ್ದವು. ಅವನು ಅವಳ ಕಡೆಗೇ ಮುಖ ಮಾಡಿದ್ದ. ಅವಳು ನಕ್ಕಳು. ಅವನು ನಗಲಿಲ್ಲ. ಒಂದು ಕೈ ಬಂಡೆಯನ್ನು ತಡವುತ್ತಿತ್ತು, ಕುತ್ತಿಗೆ ಮೆಲ್ಲಗೆ ಆ ಕಡೆ ಈ ಕಡೆ ಆಡುತ್ತಿತ್ತು.

"ಎಲ್ಲಿದೀಯೇ?" ಎಂದ ಸಣ್ಣ ದನಿಯಲ್ಲಿ. ಎದುರಿಗೇ ಇದ್ದಾಳೆ! ನೇರ ಅವಳನ್ನೇ ನೋಡುತ್ತ ಮತ್ತೆ ಕೇಳಿದ. "ಎಲ್ಲಿದೀಯ?"

ಜಿಪ್ಪಕ್ಕನ ನಗು ನಿಂತಿತು. "ಇಲ್ಲೇ ಇದೀನ್ರೀ," ಎಂದಳು. ದನಿ ಬಂಡೆಗೋಡೆಗೆ ಬಡಿದು ಮೋಡದೊಳಗೆ ಚೆದುರಿ ನಾಲ್ಕೂ ಕಡೆಯಿಂದ ಬಂತು. ಅವನು ಗೋಡೆಯ ಕಡೆಗೆ ತಿರುಗಿದ. ಆಮೇಲೆ ಇಳಿಜಾರಿನ ಕಡೆಗೆ ತಿರುಗಿದ. ಒಂದು ಕಾಲು ಮುಂದೆ ಚಾಚಿ, ನೆಲವಿದೆಯೇ ಎಂದು ಬೂಟಿನ ತುದಿಯಿಂದ ಮುಟ್ಟಿ ನೋಡಿದ. ಮೂವತ್ತು ವರ್ಷ ಈ ದಾರಿಗೆ ಪಟ್ಟೆ ಬಳಿದ ಮನುಷ್ಯ.

"ಅಲುಗಾಡಬೇಡಿ! ನಿಂತಲ್ಲೇ ನಿಲ್ಲಿ!"

ಅವನು ನಿಂತ. ಓಡಿ ಹೋಗಿ ಕೈ ಹಿಡಿಯಬೇಕು, ಆದರೆ ಅವಳ ಕಾಲನ್ನು ಯಾರೋ ನೆಲಕ್ಕೆ ಸೇರಿಸಿ ಹೊಲಿದುಬಿಟ್ಟಿದ್ದರು. ಆಗ ಅವನು ಹೇಳಿದ. ಬೇಡುವವನ ಹಾಗೆ, ನಾಚಿಕೊಂಡವನ ಹಾಗೆ ಹೇಳಿದ. "ಲೋಟ... ಲೋಟ ಸ್ವಲ್ಪ ಬಡಿಯೇ."

ಅವಳು ನೀರು ಚೆಲ್ಲಿದಳು. ಕಾಲ ಬಳಿಯ ಒಂದು ಕಲ್ಲು ಹೆಕ್ಕಿ, ಉಣ್ಣೆ ಮುಟ್ಟದ ಅಂಚಿಗೆ ಬಡಿದಳು. ಟಿಣ್. ಅವನ ಮುಖ ತಟ್ಟನೆ ತಿರುಗಿತು. ಟಿಣ್. ಒಂದು ಹೆಜ್ಜೆ ಇಟ್ಟ. ಟಿಣ್. ಇನ್ನೊಂದು. ಅವಳು ಬಡಿಯುತ್ತಲೇ ಇದ್ದಳು, ಅವನು ಆ ಸದ್ದನ್ನು ಹಗ್ಗ ಹಿಡಿದಂತೆ ಹಿಡಿದುಕೊಂಡು ಬರುತ್ತಲೇ ಇದ್ದ. ಚಾಚಿದ ಅವನ ಬೆರಳು ಲೋಟಕ್ಕೆ ತಗಲುವವರೆಗೂ ಅವಳು ಕಲ್ಲನ್ನು ಕೆಳಗೆ ಹಾಕಲಿಲ್ಲ.

ಇಬ್ಬರೂ ನೀರಿನ ಪಕ್ಕ ಕೂತರು.

"ಯಾವಾಗಿಂದ?" ಎಂದು ಅವಳೇ ಕೇಳಿದಳು.

"ಎರಡು ವರ್ಷ ಆಯ್ತು. ಮಧ್ಯದಲ್ಲಿ ಒಂದು ಮಸುಕು ಕಲೆ ಇದೆ. ಬರ್ತಾ ಬರ್ತಾ ದೊಡ್ಡದಾಗ್ತಿದೆ. ಸುತ್ತ ಎಲ್ಲಾ ಕಾಣುತ್ತೆ, ಯಾವುದನ್ನ ನೋಡ್ಬೇಕು ಅಂತೀನೋ ಅದೊಂದು ಕಾಣಲ್ಲ. ಮೋಡ ಬಂದ್ರೆ ಅದೂ ಇಲ್ಲ."

"ಡಾಕ್ಟರಿಗೆ ತೋರಿಸಿದ್ರಾ?"

"ಬಣ್ಣ ತರೋಕೆ ಅಂತ ಹೇಳಿ ಹೋಗ್ತಿದ್ನಲ್ಲ, ಅಲ್ಲಿಗೇ. ಮೂರು ಜನಕ್ಕೆ ತೋರಿಸಿದೆ. ಹೋದದ್ದು ವಾಪಸ್ ಬರಲ್ಲ ಅಂದ್ರು."

ಜಿಪ್ಪಕ್ಕನಿಗೆ ಅಳು ಬರುವ ಮೊದಲು ಸಿಟ್ಟು ಬಂತು. "ನನಗೆ ಯಾಕೆ ಹೇಳ್ಲಿಲ್ಲ? ನಾನೇನು ಬೀದೀಲಿ ಹೋಗೋಳಾ?"

"ನಿನಗೆ ಹೇಳಿದ್ರೆ ನೀನು ನನಗೂ ಒಂದು ಚೀಟಿ ಕಟ್ಟಿ ಕೊಕ್ಕೆಗೆ ನೇತುಹಾಕ್ತಿದ್ದೆ," ಎಂದ ಅವನು. ನಗಲು ನೋಡಿದ, ಆಗಲಿಲ್ಲ. "ಹಗಲೂ ರಾತ್ರಿ ನನ್ನ ರಿಪೇರಿ ಮಾಡ್ತಾ ಕೂರ್ತಿದ್ದೆ. ಇದು ರಿಪೇರಿ ಆಗೋದಲ್ಲ ಕಣೇ. ಆಗಲ್ಲ ಅಂತ ಗೊತ್ತಾದ ದಿನ ನಿನ್ನ ಮುಖ ಹೇಗಾಗುತ್ತೋ, ಅದನ್ನ ನೋಡೋಕೆ... ಅದೂ ಕಾಣಲ್ಲ ಬಿಡು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಾಗಾದ್ರೆ ಗೊಣಗೋದು ಯಾಕೆ ಬಿಟ್ರಿ? ನಾನು ಏನೇನೋ ಅಂದ್ಕೊಂಡೆ. ನಾನು ಬೇಡವಾದೆ ಅಂದ್ಕೊಂಡೆ."

"ಬೇಡವಾದೆಯಾ!" ಪಟ್ಟೆಯಣ್ಣ ನಿಜಕ್ಕೂ ಬೆಚ್ಚಿದ. "ಆ ಲೋಟದ ಹಿಂದೆ ನಾನು ಎರಡು ವರ್ಷ ನಡೆದಿದೀನಿ ಕಣೇ. ಟಿಣ್ ನಿಧಾನ ಆದ್ರೆ ಏರು, ಟಕ್ ಜೋರಾದ್ರೆ ಮೆಟ್ಟಿಲು, ನಿಂತ್ರೆ ತಿರುವು. ಊರುಗೋಲನ್ನ ಯಾರಾದ್ರೂ ಬೈತಾರಾ? ಬೈದು ಬೈದು ಎಲ್ಲಿ ನೀನು ನಿಜವಾಗ್ಲೂ ಸರಿಮಾಡಿಬಿಡ್ತೀಯೋ ಅಂತ ಹೆದರಿಕೊಂಡು ಬಾಯಿ ಮುಚ್ಕೊಂಡಿದ್ದೆ. ನೀನು ನೋಡಿದ್ರೆ, ಬಾಯಿ ಮುಚ್ಚಿದ್ದಕ್ಕೇ ಸರಿಮಾಡಿದೀಯ. ಇವತ್ತು ನೀನು 'ನಿಮಗೋಸ್ಕರ' ಅಂತ ಅಷ್ಟು ಖುಷಿಯಿಂದ ಹೇಳಿದೆ. ಬೇಡ ಅನ್ನೋಕೆ ನಾಲಿಗೆ ಏಳಲಿಲ್ಲ. ಅದಕ್ಕೇ ಮಾತಾಡಿಸ್ತಾ ಬಂದೆ, ನಿನ್ನ ದನಿ ಹಿಡ್ಕೊಂಡು."

ಅಂದರೆ ಬೆಳಗಿನಿಂದ ತಾನು ಪ್ರೀತಿ ಎಂದುಕೊಂಡ ಮಾತೆಲ್ಲ ಹೆದರಿಕೆಯದ್ದು. ಮತ್ತು ಎರಡು ವರ್ಷದಿಂದ ಬೇಸರ ಎಂದುಕೊಂಡ ಮೌನ? ಜಿಪ್ಪಕ್ಕನಿಗೆ ಇನ್ನೊಂದು ನೆನಪಾಯಿತು. "ನನ್ನ ಮುಖ ಯಾಕೆ ನೋಡಲ್ಲ ನೀವು? ಊಟಕ್ಕೆ ಕೂತ್ರೂ ಗೋಡೆ ನೋಡ್ತೀರಲ್ಲ."

"ನೇರ ನೋಡಿದ್ರೆ ನೀನಿರಲ್ಲ," ಎಂದ ಅವನು. "ಸ್ವಲ್ಪ ಪಕ್ಕಕ್ಕೆ ನೋಡಿದ್ರೆ ಅಂಚಿನಲ್ಲಿ ಇರ್ತೀಯ. ಅಷ್ಟಾದ್ರೂ ಕಾಣ್ಲಿ ಅಂತ ಆ ಕಡೆ ತಿರುಗ್ತೀನಿ."

ಹೇಳುತ್ತ ಅವನು ಮುಖವನ್ನು ಬೀಳುವ ನೀರಿನ ಕಡೆಗೆ ತಿರುಗಿಸಿದ. ಅವಳಿಗೆ ಈಗ ಗೊತ್ತಾಯಿತು, ಅವನು ಅವಳನ್ನೇ ನೋಡುತ್ತಿದ್ದಾನೆ. ಅವಳು ಅಳುವುದನ್ನು ಅಲ್ಲೇ ನಿಲ್ಲಿಸಿ, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು.

ಆಮೇಲೆ ಸೊಂಟದ ಚೀಲದಿಂದ ಸಣ್ಣ ಕತ್ತರಿ ತೆಗೆದಳು. ಒತ್ತೊತ್ತು ಹೊಲಿಗೆ, ಮೇಣದ ನೂಲು, ಬೇಗ ಬಿಚ್ಚುವಂಥದ್ದಲ್ಲ. ತಾನು ಹಾಕಿದ ಹೊಲಿಗೆಯನ್ನು ತಾನೇ ಬೈಯುತ್ತ ಒಂದೊಂದಾಗಿ ಕತ್ತರಿಸಿದಳು. ಉಣ್ಣೆ ಬಂತು, ಟ್ಯೂಬು ಬಂತು, ಬಳೆಯ ಅಂಗಿ ಬಂತು. ಅವನು ಉಣ್ಣೆಯ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. "ಕೆಲಸ ಚೆನ್ನಾಗಿದೆ," ಎಂದು ಅದನ್ನು ಮಡಚಿ ಎದೆಯ ಜೇಬಿಗೆ ಹಾಕಿಕೊಂಡ. ಅವಳು ಲೋಟ ತುಂಬಿ ಕೊಟ್ಟಳು. ಅವನು ಅರ್ಧ ಕುಡಿದು ಅವಳಿಗೆ ಕೊಟ್ಟ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಎದುರಿನ ಬಂಡೆಯ ಮೇಲೆ ಮೇಷ್ಟ್ರು ಚೀಟಿಯಲ್ಲಿ ಹೇಳಿದ್ದ ಆ ವಕ್ರ ಪಟ್ಟೆಗಳಿದ್ದವು. ಒಂದರ ಮೇಲೊಂದು ಹತ್ತಿ ಕೂತಿದ್ದವು, ಒಂದು ಹುಲ್ಲಿಗೆ ಬಂದಿತ್ತು. ಅವಳು ಬಹಳ ಹೊತ್ತು ಅವನ್ನು ನೋಡಿದಳು. "ನಾಳೆ ಆಫೀಸಿಗೆ ಇಬ್ಬರೂ ಹೋಗೋಣ," ಎಂದಳು. "ಇದ್ದದ್ದು ಇದ್ದ ಹಾಗೆ ಹೇಳೋಣ. ದಾರಿ ನಂಬಿ ಬರೋ ಜನ."

"ಹ್ಞೂಂ," ಎಂದ ಅವನು. ಹಾಗೆ ಹೇಳುವಾಗ ಅವನ ಭುಜ ಒಂದು ಗೇಣು ಇಳಿಯಿತು. ಹೊತ್ತದ್ದನ್ನು ಕೆಳಗಿಟ್ಟವರ ಭುಜ ಹಾಗೆ ಇಳಿಯುವುದನ್ನು ಅವಳು ಅಂಗಡಿಯಲ್ಲಿ ದಿನಾ ನೋಡುತ್ತಿದ್ದಳು.

ಇಳಿಯಲು ಹೊರಟರು. ಅವಳು ಮುಂದೆ, ಅವನು ಹಿಂದೆ. ಟಿಣ್, ಟಕ್. ಮೋಡದಲ್ಲಿ ಆ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ಬೇರು ಬಂದಾಗ ಅವಳು ನಿಂತಳು. ಅವನು ಕಾಲೆತ್ತಿ ಇಟ್ಟ. ಕೋಳಿಯಂಥ ಬಂಡೆ ಬಂದು ಹೋಯಿತು. ಜೇಡರಬಲೆ ಬಂದು ಹೋಯಿತು. ಅವಳು ಎಣಿಸುತ್ತಿರಲಿಲ್ಲ, ಯಾವುದಕ್ಕೂ ಕಾಯುತ್ತಿರಲಿಲ್ಲ. ಕಣ್ಣೀರು ತನ್ನ ಪಾಡಿಗೆ ತಾನು ಇಳಿಯುತ್ತಿತ್ತು, ಕಾಲು ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ಕೊನೆಯ ತಿರುವಿನಲ್ಲಿ ಊರಿನ ಮೊದಲ ಸೂರು ಕಾಣಿಸಿಕೊಂಡಾಗ ಹಿಂದಿನಿಂದ ದನಿ ಬಂತು.

"ಅಲ್ಲ ಕಣೇ, ಎಂಥಾ ದರಿದ್ರ ಲೋಟನೇ ಇದು! ಕಣ್ಣು ಹೋಯ್ತು, ಇನ್ನು ಕಿವೀನೂ ತೆಗೀಬೇಕು ಅಂತ ಮಾಡಿದೀಯಾ?"

ಜಿಪ್ಪಕ್ಕ ತಿರುಗಲಿಲ್ಲ. ಎಡಭುಜವನ್ನು ಬೇಕೆಂದೇ ಇನ್ನಷ್ಟು ಕುಲುಕಿ ಹೆಜ್ಜೆ ಹಾಕಿದಳು.